ಸದ್ದಿಲ್ಲದಿದ್ದರೆ ಅಂಜುತ್ತಿದ್ದವರು

ಭಯಪಡುವುದನ್ನು ನಾನು ಕ್ರಮವಾಗಿ ಕಲಿತದ್ದು ಒಬ್ಬರಿಂದ. ಬಾಲ್ಯದಲ್ಲಿ ನನಗೆ ವೇದವನ್ನೂ ವ್ಯಾಕರಣವನ್ನೂ ಪಾಠ ಹೇಳಿದ ಗುರುಗಳು ನಿರ್ಭಯವನ್ನು ಬೋಧಿಸಿದರು. ಅಂಜಿಕೆಗೂ ಒಂದು ಶಿಸ್ತುಂಟು, ನಿಯಮದಿಂದ ಅಂಜುವವನು ಹತ್ತು ಜನರನ್ನು ಕಾಯಬಲ್ಲನು ಎಂಬುದನ್ನು ತೋರಿಸಿಕೊಟ್ಟವರು ಉರಿಗಾಮಿನ ಚಿನ್ನದ ಗಣಿಯ ಮೇಲಿನ ಸಣ್ಣದೊಂದು ಕೋಣೆಯಲ್ಲಿ ನನ್ನೊಡನೆ ಕೆಲಸ ಮಾಡುತ್ತಿದ್ದ ಎಂಜಿನಿಯರರು. ಕಳೆದ ತಿಂಗಳು ಅವರು ಬಂಗಾರಪೇಟೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಯಾವ ಕಾಗದದಲ್ಲಿ ಕಂಡರೂ ಅವರಿಗೆ ಕಳವಳವಾಗುತ್ತಿತ್ತು. ಅವರು ಹೋದ ಮೇಲೆ ಆ ಕಳವಳವನ್ನು ಕಡೆಗಣಿಸುವ ಮನಸ್ಸು ನನಗಿಲ್ಲ.

ನಮ್ಮ ಕೋಣೆಯ ಕೆಲಸವೇನೆಂದು ಮೊದಲು ಹೇಳಬೇಕು. ಗಣಿಯ ಆಳದಲ್ಲಿ ಬಂಡೆಗಳ ಮೈಗೆ ಜಿಯೋಫೋನ್ ಎಂಬ ಉಪಕರಣಗಳನ್ನು ಕೂರಿಸಿದ್ದರು. ಅವು ಕಲ್ಲಿಗೆ ಒತ್ತಿಟ್ಟ ಕಿವಿಗಳಿದ್ದಂತೆ. ಬಂಡೆ ಬಿರಿದ ಸದ್ದನ್ನು ತಂತಿಯ ಮೂಲಕ ಮೇಲಿನ ನಮ್ಮ ಕಂಪ್ಯೂಟರಿಗೆ ಮುಟ್ಟಿಸುತ್ತಿದ್ದವು. ಚಿನ್ನದ ಅದಿರನ್ನು ಅಗೆದು ತೆಗೆದ ಕಡೆಯಲ್ಲೆಲ್ಲ ಭೂಮಿ ಟೊಳ್ಳಾಗುತ್ತದೆ. ಆ ಟೊಳ್ಳಿನ ಮೇಲೆ ಭಾರ ಕೂಡುತ್ತ ಹೋಗಿ ಒಂದು ದಿನ ಬಂಡೆ ಸಿಡಿಯುತ್ತದೆ. ಹಾಗೆ ಸಿಡಿಯುವ ಮೊದಲು ಅದು ಸಾಮಾನ್ಯವಾಗಿ ಸಣ್ಣಸಣ್ಣಗೆ ಬಿರಿಯುತ್ತ ಗೊಣಗುವುದುಂಟು. ಆ ಗೊಣಗು ಯಾವ ಕಡೆಯದೆಂದು ಗುರುತಿಸಿ, ಅಲ್ಲಿಗೆ ಜನರನ್ನು ಬಿಡಬಾರದೆಂದು ಗಣಿಯ ಕಚೇರಿಗೆ ತಿಳಿಸುವುದು ನಮ್ಮ ಕರ್ತವ್ಯ. ಯಂತ್ರ ಅವರದು, ಯಂತ್ರ ಬರೆದ ಗೆರೆಗಳನ್ನು ಓದಿ ವರದಿ ಸಿದ್ಧಪಡಿಸುವ ಕೆಲಸ ನನ್ನದು.

ಬೆಳಗಿನ ಪಾಳಿಯ ಮೇಸ್ತ್ರಿಯೊಬ್ಬರು ಕೆಳಗಿಳಿಯುವ ಮುನ್ನ ತಪ್ಪದೆ ನಮ್ಮ ಕೋಣೆಗೆ ಬರುತ್ತಿದ್ದರು. ಮನೆಮಾತು ತಮಿಳು, ನಮ್ಮೊಡನೆ ಕನ್ನಡ. ಗುಡಿಯ ಮುಂದೆ ಬಿಡುವಂತೆ ಚಪ್ಪಲಿಯನ್ನು ಹೊರಗೆ ಬಿಟ್ಟು, ಹೊಸ್ತಿಲ ಆಚೆಗೇ ನಿಂತು ಭೂಮಿಯ ಕ್ಷೇಮ ಕೇಳುತ್ತಿದ್ದರು:

"ಅಮ್ಮ ಎಂಗವ್ಳೆ ಸಾಮಿ?"

"ಗೊಣಗ್ತಾ ಅವ್ಳೆ. ಪೂರ್ವದ ಪಕ್ಕ. ಅತ್ಲಾಗ್ ಓಗ್ಬೇಡಿ," ಎನ್ನುತ್ತಿದ್ದರು ನಮ್ಮ ಎಂಜಿನಿಯರರು.

"ಗೊಣಗ್ಲಿ ಬಿಡಿ ಸಾಮಿ. ನಮ್ ಮನೇಲಿರೋ ಅಮ್ಮನೂ ಅಷ್ಟೇ, ಗೊಣಗ್ದೆ ಅನ್ನ ಆಕಲ್ಲ."

ಈ ಮಾತುಕತೆಯಾದ ಹೊರತು ಮೇಸ್ತ್ರಿ ಗಣಿಗಿಳಿಯುವ ಶಾಫ್ಟಿನ ಕಡೆ ಹೆಜ್ಜೆಯಿಡುತ್ತಿರಲಿಲ್ಲ. ಅದು ಆ ಜನರ ಪ್ರಾತಃಸ್ಮರಣೆಯೇ ಆಗಿತ್ತು.

ಎಂಜಿನಿಯರರು ಕ್ಯಾಸಂಬಳ್ಳಿಯ ಕಡೆಯ ರಾಗಿ ಬೆಳೆಯುವ ಮನೆತನದಿಂದ ಬಂದವರು. ಓದು ಎಷ್ಟು ದೊಡ್ಡದಾದರೂ ಊರಿನ ಮಾತನ್ನು ಬಿಡಲಿಲ್ಲ. ಯಾವ ಕಟ್ಟಡವನ್ನು ಹೊಕ್ಕರೂ ಮೊದಲು ಅಂಗೈಯನ್ನು ಗೋಡೆಗೆ ಒತ್ತಿ ಕ್ಷಣಕಾಲ ನಿಲ್ಲುವರು. ಬಂಗಾರಪೇಟೆಯಿಂದ ನಾವಿಬ್ಬರೂ ಒಂದೇ ರೈಲಿನಲ್ಲಿ ಗಣಿಗೆ ಹೋಗಿಬರುತ್ತಿದ್ದೆವು. ಸೀಟು ಖಾಲಿಯಿದ್ದರೂ ಅವರು ಬಾಗಿಲ ಬಳಿ ನಿಂತು, ಗಾಲಿಯ ಸದ್ದಿನಲ್ಲಿ ಹೆಚ್ಚುಕಡಿಮೆಯಾಯಿತೇ ಎಂದು ಆಲಿಸುವರು. ಕಚೇರಿಯವರು ಬೆನ್ನ ಹಿಂದೆ ಅವರನ್ನು ಪುಕ್ಕಲರೆಂದು ಕರೆಯುತ್ತಿದ್ದರು. ಗಣಿಯ ದೊಡ್ಡ ಸಾಹೇಬರಂತೂ ಎದುರಿಗೇ, "ಇಲಿ ಓಡಿದರೂ ನಿಮಗೆ ಭೂಕಂಪ ಕಣ್ರೀ," ಎಂದು ನಗುತ್ತಿದ್ದರು. ಇವರೂ ನಗುತ್ತಿದ್ದರು. ಕೋಪಿಸಿಕೊಂಡದ್ದನ್ನು ನಾನು ನೋಡಿಲ್ಲ.

ಒಮ್ಮೆ ರೈಲಿನಲ್ಲಿ ಅವರನ್ನು ನೇರವಾಗಿಯೇ ಕೇಳಿದೆ, ಸದ್ದೆಂದರೆ ತಮಗೇಕೆ ಇಷ್ಟು ಭಯವೆಂದು.

"ಸದ್ದಿಗೆ ಭಯ ಇಲ್ಲ ಸಾಸ್ತ್ರಿಗಳೇ," ಎಂದರು. "ನಮ್ಮವ್ವ ಗಬ್ಬದ ಹಸಾನ ದಿನಾ ಸಂಜೆ ಮುಟ್ಟಿ ನೋಡೋಳು. ಒಟ್ಟೆ ಮೇಲೆ ಕೈ ಇಟ್ಟು ಸುಮ್ನೆ ನಿಂತ್ಕೊಳ್ಳೋಳು. ಒಳಗಿಂದ ಕರು ಒದ್ರೆ ಒಂದು ಮಾತೂ ಆಡ್ದೆ ಒಳಕ್ಕೋಗಿ ಮುದ್ದೆ ತಿರುವೋಳು. ಒಂದಿನ ಒದೀಲಿಲ್ಲ. ಅವತ್ತು ಅವ್ಳ ಮುಖ ನೋಡ್ದೆ ನೋಡಿ, ಅದೇ ನನ್ನ ಭಯ."

ಗೋಡೆಗೆ ಅಂಗೈ ಒತ್ತುವ ಅಭ್ಯಾಸ ಎಲ್ಲಿಂದ ಬಂತೆಂದು ಅಂದು ತಿಳಿಯಿತು.

ನಾನು ಹೇಳಹೊರಟ ಸಂಗತಿ ನಡೆದದ್ದು ತೊಂಬತ್ತರ ದಶಕದಲ್ಲಿ, ಗಣಿಯ ಒಂದೊಂದೇ ಭಾಗಕ್ಕೆ ಬೀಗ ಬೀಳುತ್ತಿದ್ದ ಕಾಲದಲ್ಲಿ. ಕೆಳಗಿನವರಿಗೆ ಒಂದು ಪದ್ಧತಿಯಿತ್ತು. ಸುರಂಗದ ಉದ್ದಕ್ಕೂ ಹಾದುಹೋದ ಗಾಳಿಯ ಪೈಪನ್ನು ಸುತ್ತಿಗೆಯಿಂದ ಬಡಿದು ಒಬ್ಬರಿಗೊಬ್ಬರು ಸಂಗತಿ ತಿಳಿಸುವರು. ಬಂಡಿ ಬಂತು, ಊಟಕ್ಕೆ ಬನ್ನಿ, ನಾನು ಇಲ್ಲಿದ್ದೇನೆ ಎಂಬುದೆಲ್ಲವೂ ಪೈಪಿನ ಬಡಿತದಲ್ಲೇ. ನಮ್ಮ ಯಂತ್ರ ಆ ಬಡಿತವನ್ನೂ ಬಂಡೆಯ ಬಿರುಕೆಂದೇ ಎಣಿಸುತ್ತಿತ್ತು. ಸೈರನ್ ಕೂಗುವುದು, ಪಾಳಿಯೇ ಮೇಲಕ್ಕೆ ಬರುವುದು, ಆಮೇಲೆ ಅದು ಪೈಪಿನ ಸದ್ದೆಂದು ತಿಳಿಯುವುದು. ಪೈಪನ್ನು ಬಡಿಯಬೇಡಿರೆಂದು ಎಂಜಿನಿಯರರು ಕೇಳಿಕೊಂಡರೂ ಇದು ಮತ್ತೆ ಮತ್ತೆ ಆಯಿತು.

"ಊಟಕ್ಕ್ ಬಾ ಅಂತ ಬಡುದ್ರೆ ನೀವು ಸಾವ್ಗೆ ಬಾ ಅಂತ ಕೇಳುಸ್ಕೊತೀರಲ್ಲ ಸಾಮಿ," ಎಂದು ಮೇಸ್ತ್ರಿಯೇ ಆಡಿಕೊಂಡರು. ದೊಡ್ಡ ಸಾಹೇಬರು ಆಡಿಕೊಳ್ಳಲಿಲ್ಲ, ಗದರಿಸಿದರು. ಸುಳ್ಳು ಕೂಗಿಗೆ ಜನ ಒಗ್ಗಿಬಿಟ್ಟರೆ ನಿಜವಾದ ಕೂಗಿಗೆ ಯಾರು ಏಳುತ್ತಾರೆ ಎಂದ ಅವರ ಮಾತಿನಲ್ಲಿ ನ್ಯಾಯವಿತ್ತು.

ಎಂಜಿನಿಯರರು ಅದಕ್ಕೊಂದು ಪರಿಹಾರ ಮಾಡಿದರು. ಕಂಪ್ಯೂಟರಿನ ಆಳದಲ್ಲಿ ಕರ್ನಲ್ ಎಂಬ ಮೂಲ ತಂತ್ರಾಂಶವಿರುತ್ತದೆ. ಹೊರಗಿನ ಉಪಕರಣಗಳ ಮಾತನ್ನು ಅದಕ್ಕೆ ತಲುಪಿಸುವ ಸಣ್ಣ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಗಣಿಯಲ್ಲಿ ಜನರ ಕೇಜನ್ನು ಏರಿಸಿ ಇಳಿಸುವ ಡ್ರೈವರನಿದ್ದಾನಲ್ಲ, ಅವನಂತೆಯೇ ಇದೂ. ಅವನು ಮೇಲೆ ಕುಳಿತಿರುತ್ತಾನೆ. ಕೆಳಗಿನದೇನೂ ಅವನಿಗೆ ಕಾಣದು. ಕೆಳಗಿನವರು ಬಾರಿಸಿದ ಗಂಟೆಯ ಬಡಿತವನ್ನು ಎಣಿಸಿ, ಅದರಂತೆ ಯಂತ್ರವನ್ನು ತಿರುಗಿಸುತ್ತಾನೆ. ಎಂಜಿನಿಯರರು ತಮ್ಮ ಡ್ರೈವರಿಗೆ ಹೊಸತೊಂದು ನಿಯಮವನ್ನು ಬರೆದರು: ಒಂದು ಸದ್ದಿನ ಬೆನ್ನಿಗೇ ಇನ್ನೊಂದು ಬಂದರೆ ಎರಡನ್ನೂ ಒಂದೇ ಎಂದು ತಿಳಿ. ಪೈಪನ್ನು ಬಡಿಯುವವರು ಬೇಗಬೇಗ ಬಡಿಯುತ್ತಾರೆ, ಬಂಡೆ ಅಷ್ಟು ಅವಸರಪಡುವುದಿಲ್ಲ ಎಂಬುದು ಅವರ ಎಣಿಕೆ. ಮೇಜಿನ ಮೇಲೆ ಜಿಯೋಫೋನೊಂದನ್ನಿಟ್ಟು, ಬೆರಳಿನಿಂದ ಟಕಟಕನೆ ತಟ್ಟಿ, ತುಸು ಬಿಟ್ಟು ಮತ್ತೆ ತಟ್ಟಿ ಪರೀಕ್ಷಿಸಿದರು. ಎಲ್ಲವೂ ಸರಿಯಾಗಿತ್ತು.

ಸುಳ್ಳು ಕೂಗು ನಿಂತಿತು. ಅದರೊಂದಿಗೆ ಬೇರೆಲ್ಲವೂ ನಿಂತಿತು. ದಿನಗಳು ಕಳೆದರೂ ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಗೆರೆ. ಭೂಮಿ ಶಾಂತವಾಗಿದೆಯೆಂದು ಕಚೇರಿಯಲ್ಲಿ ಹರ್ಷಪಟ್ಟರು. ಅಪಾಯವೆಂದು ಮುಚ್ಚಿದ್ದ ಪಶ್ಚಿಮದ ಭಾಗವನ್ನು ಸೋಮವಾರದಿಂದ ತೆರೆಯುವುದೆಂದೂ ಅಲ್ಲಿಗೆ ನಮ್ಮ ಮೇಸ್ತ್ರಿಯ ತಂಡವೇ ಹೋಗುವುದೆಂದೂ ನಿರ್ಧಾರವಾಯಿತು.

"ದೇವರು ದಯೆ ತೋರಿದ," ಎಂದೆ ನಾನು.

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ತೋರ್ಸಿದ್ರೆ ಕೈ ಮುಗೀತೀನಿ. ನಾವೇ ಕಿವಿ ಮುಚ್ಕೊಂಡಿದ್ರೆ?"

ಪಾಳಿ ಮುಗಿದು ಜನರೆಲ್ಲ ಮೇಲೆ ಬಂದ ಮೇಲೆ ಕೆಳಗೆ ಸಿಡಿಮದ್ದು ಹಾರಿಸುವುದು ಗಣಿಯ ವಾಡಿಕೆ. ಆ ಸದ್ದಿನ ದೊಡ್ಡ ಗೆರೆ ನಿತ್ಯವೂ ಪರದೆಯ ಮೇಲೆ ಸ್ಫುಟವಾಗಿ ಮೂಡುತ್ತಿತ್ತು. ಯಂತ್ರ ಚೆನ್ನಾಗಿದೆಯೆನ್ನಲು ಎಲ್ಲರೂ ತೋರಿಸುತ್ತಿದ್ದುದು ಅದನ್ನೇ. ಎಂಜಿನಿಯರರು ನೋಡುತ್ತಿದ್ದುದು ಅದರ ನಂತರದ ಖಾಲಿ ಬಯಲನ್ನು.

"ಅಷ್ಟು ದೊಡ್ಡ ಏಟು ತಿಂದೋಳು ಆಮೇಲೆ ಒಂದ್ ಸಲಾನೂ ನರಳಲ್ವಾ? ಮುಂಚೆ ಗಂಟೆಗಟ್ಟಲೆ ನರಳೋಳು," ಎಂದರು. ಅವರ ಕೈ ಗೋಡೆಯ ಮೇಲಿತ್ತು.

ಡ್ರೈವರನ್ನು ಪರೀಕ್ಷಿಸಿಯಾಗಿದೆಯೆಂಬ ನಂಬಿಕೆಯಿಂದ ಆ ವಾರವೆಲ್ಲ ಅವರು ದೋಷವನ್ನು ಉಪಕರಣಗಳಲ್ಲಿ ಹುಡುಕಿದರು. ಕೇಜೆಂದರೆ ಅಂಜುತ್ತಿದ್ದವರು, ಆದರೂ ಇಳಿದರು. ನಾನೂ ಜೊತೆಗಿದ್ದೆ. ಇಳಿಯುವಷ್ಟು ಹೊತ್ತೂ ಕಣ್ಣುಮುಚ್ಚಿ ಕಂಬಿಯನ್ನು ಹಿಡಿದಿದ್ದರು. ಸುರಂಗದ ಬಿಸಿಯಲ್ಲಿ ತಂತಿಯನ್ನು ಅಂಗೈಯಲ್ಲಿ ಸವರುತ್ತ, ಗಂಟು ಕಂಡಲ್ಲಿ ಬಿಚ್ಚಿ ಕಟ್ಟುತ್ತ ನಡೆದರು. ತಂತಿ ಸರಿಯಿತ್ತು. ಜಿಯೋಫೋನನ್ನು ಬದಲಾಯಿಸಿದರು, ಹಳೆಯದೂ ಸರಿಯಿತ್ತು. ಕಂಪ್ಯೂಟರಿನೊಳಗೆ ಸದ್ದನ್ನು ಸ್ವೀಕರಿಸುವ ಕಾರ್ಡನ್ನು ತೆಗೆದು ಬೇರೆಯದನ್ನು ಹಾಕಿದರು. ಅದೇ ಶಾಂತಿ. ಒಂದೊಂದು ವಸ್ತು ನಿರ್ದೋಷಿಯೆಂದು ತಿಳಿದಾಗಲೂ ಅವರ ಮುಖ ಇನ್ನಷ್ಟು ಕಂದುತ್ತಿತ್ತು. ಶುಕ್ರವಾರ ದೊಡ್ಡ ಸಾಹೇಬರ ಮುಂದೆ ನಿಂತು, ಪಶ್ಚಿಮವನ್ನು ತೆರೆಯುವುದು ಬೇಡವೆಂದು ಕೇಳಿಕೊಂಡರು.

"ಮೊನ್ನೆ ಯಂತ್ರ ಕೂಗುತ್ತೆ ಅಂತ ಗೋಳು, ಇವತ್ತು ಕೂಗಲ್ಲ ಅಂತ ಗೋಳು. ನಿಮ್ಮ ಭಯಕ್ಕೆ ಒಂದು ಆಧಾರ ತನ್ನಿ, ಆ ಕ್ಷಣವೇ ನಿಲ್ಲಿಸ್ತೀನಿ," ಎಂದರು ಸಾಹೇಬರು.

ಸೋಮವಾರ ಬೆಳಗ್ಗೆ ರೈಲಿನ ಬಾಗಿಲಲ್ಲಿ ನಿಂತಿದ್ದವರು ಹಠಾತ್ತನೆ ನನ್ನ ಕಡೆ ತಿರುಗಿದರು. "ಸಾಸ್ತ್ರಿಗಳೇ, ಗೊಣಗು ನಿಮಗೆ ಕೊನೇಗೆ ಕಂಡಿದ್ದು ಯಾವಾಗ?"

ನನಗೆ ದಿನಗಳು ನೆನಪಿರುವುದು ತಿಥಿಯಿಂದ. "ಶಿವರಾತ್ರಿಗೆ ಮೊದಲು," ಎಂದೆ. "ಉಪವಾಸ ಮುಗಿಸಿ ಕೆಲಸಕ್ಕೆ ಬಂದಂದಿನಿಂದ ಗೊಣಗಿನ ವರದಿ ಬರೆದದ್ದಿಲ್ಲ. ನನ್ನ ವ್ರತದ ಫಲವೆಂದೇ ಭಾವಿಸಿದ್ದೆ."

ಅವರು ಮತ್ತೆ ಬಾಗಿಲ ಕಡೆ ತಿರುಗಿದರು. ಆಮೇಲೆ ಗಾಲಿಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂಬಂತೆ ಅಂದರು: "ಹಬ್ಬದ ರಜಕ್ಕೆ ಓಗೋ ಮುಂಚೇನೇ ನಾನು ಡ್ರೈವರ್ ಬದ್ಲಾಯಿಸಿದ್ದು. ತಂತೀನೂ ಸರೀಗೈತೆ, ಕಿವೀನೂ ಸರೀಗೈತೆ. ಉಳಿದಿದ್ರಲ್ಲಿ ಕೈ ಆಕಿದ್ದು ಯಾರು? ನಾನೇ."

ಅಂದು ಆ ರೈಲು ನಡೆದಷ್ಟು ನಿಧಾನವಾಗಿ ಬೇರಾವ ರೈಲೂ ನಡೆದಿರಲಾರದು. ನಾನು ಇಷ್ಟದೇವತೆಯ ನಾಮವನ್ನು ಜಪಿಸಲು ತೊಡಗಿದೆ. ನಾಲಿಗೆಯ ಮೇಲೆ ನಾಮ ನಿಲ್ಲಲಿಲ್ಲ.

ನಾವು ಕೋಣೆ ಸೇರುವಷ್ಟರಲ್ಲಿ ಮೇಸ್ತ್ರಿ ಬಂದು ಹೊಸ್ತಿಲಾಚೆ ನಿಂತಿದ್ದರು. "ಅಮ್ಮ ಎಂಗವ್ಳೆ ಸಾಮಿ?"

"ಗೊತ್ತಿಲ್ಲ ಮೇಸ್ತ್ರಿ."

ಆ ಉತ್ತರವನ್ನು ಮೇಸ್ತ್ರಿ ಅಲ್ಲಿಯವರೆಗೆ ಕೇಳಿರಲಿಲ್ಲ. "ಗೊತ್ತಿಲ್ಲ ಅಂದ್ರೆ? ಎನ್ನ ಸಾಮಿ, ಏನಿದು, ನೀವೇ ಇಂಗಂದ್ರೆ?"

"ಇಳೀರಿ. ಪಶ್ಚಿಮದ ಬಾಯಲ್ಲೇ ನಿಂತ್ಕೊಳ್ಳಿ. ಒಬ್ರನ್ನೂ ಒಳಕ್ಕೆ ಬಿಡ್ಬೇಡಿ. ಅಲ್ಲಿಂದ ಫೋನ್ ಮಾಡಿ, ನಾನು ಅಂದಾಗ ಪೈಪ್ ಬಡೀರಿ. ಸಾಕು ಅನ್ನೋಗಂಟ ನಿಲ್ಲಿಸ್ಬೇಡಿ."

"ಅಷ್ಟೂ ದಿನ ಪೈಪ್ ಬಡೀಬೇಡಿ ಅಂತ ಜಗಳ ಆಡಿದ್ರಿ," ಎಂದು ನಗಲು ನೋಡಿದ ಮೇಸ್ತ್ರಿ, ನಮ್ಮಿಬ್ಬರ ಮುಖ ನೋಡಿ ನಗುವನ್ನು ಅಲ್ಲಿಗೇ ಬಿಟ್ಟು ಹೊರಟರು.

ಕೆಳಗಿನಿಂದ ಫೋನ್ ಬಂದಿತು. ನಾನು ಅದನ್ನು ಕಿವಿಗೆ ಹಿಡಿದೆ. ಮೇಸ್ತ್ರಿ ಬಡಿಯತೊಡಗಿದರು. ಪೈಪಿನ ಆ ಲೋಹದ ಸದ್ದು ಒಂದರ ಹಿಂದೊಂದು ನನ್ನ ಕಿವಿಯಲ್ಲಿ ಮೊಳಗುತ್ತಿತ್ತು. ಪರದೆಯ ಮೇಲೆ ಮೊದಲ ಏಟಿಗೆ ಒಂದು ಗೆರೆ ಎದ್ದಿತು. ಆಮೇಲೆ ಇಲ್ಲ. ಕಿವಿಯೊಳಗೆ ಸುತ್ತಿಗೆ ಬೀಳುತ್ತಲೇ ಇದೆ, ಕಣ್ಣೆದುರು ಪರದೆ ನಿದ್ರಿಸುವವನ ಮುಖದಂತೆ ನಿಶ್ಚಲವಾಗಿದೆ. ನನ್ನ ಬದುಕಿನಲ್ಲಿ ಅಷ್ಟು ಭಯಂಕರವಾದ ಶಾಂತಿಯನ್ನು ನಾನು ಕಂಡಿಲ್ಲ.

"ಬಡೀತಾ ಇದಾರಾ?" ಎಂದರು ಅವರು.

"ನಿಲ್ಲಿಸಿಯೇ ಇಲ್ಲ."

ಅವರು ಕುರ್ಚಿಯ ಕೈಯನ್ನು ಹಿಡಿದುಕೊಂಡು ಕುಳಿತರು. ಬೆನ್ನಿಗೇ ಬಂದ ಸದ್ದನ್ನು ಎಣಿಸಬೇಡ ಎಂದಷ್ಟೇ ಅವರು ಡ್ರೈವರಿಗೆ ಹೇಳಬೇಕೆಂದುಕೊಂಡಿದ್ದುದು. ತೆರೆದು ನೋಡಿದಾಗ ಬರೆದದ್ದು ಬೇರೆಯಾಗಿತ್ತು. ಎಣಿಸದೆ ಬಿಟ್ಟ ಪ್ರತಿಯೊಂದು ಸದ್ದೂ ಡ್ರೈವರು ಕಿವಿ ಮುಚ್ಚಿಕೊಂಡಿರುವ ಆ ಸಣ್ಣ ಅವಧಿಯನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತಿತ್ತು. ಮೇಜಿನ ಮೇಲೆ ತಟ್ಟುವಾಗ ಅವರು ನಡುವೆ ಬಿಡುವು ಕೊಟ್ಟಿದ್ದರು. ಆದ್ದರಿಂದ ದೋಷ ತೋರಲಿಲ್ಲ. ಭೂಮಿ ಬಿಡುವು ಕೊಡದೆ ನರಳಿದರೆ ಯಂತ್ರ ಆ ನರಳಿಕೆ ಮುಗಿಯುವವರೆಗೂ ಕಿವಿ ತೆರೆಯುತ್ತಿರಲಿಲ್ಲ. ಅವಳು ಹೆಚ್ಚು ಕೂಗಿದಷ್ಟೂ ನಮಗೆ ಹೆಚ್ಚು ಶಾಂತಿ.

ಮೇಸ್ತ್ರಿಗೆ ನಿಲ್ಲಿಸಲು ಹೇಳಿ, ಹಳೆಯ ಡ್ರೈವರನ್ನು ಕೂರಿಸಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರು. ಅದು ಏಳುವವರೆಗೆ ನಾವು ಪೂರ್ಣ ಕಿವುಡರು. ಒಂದೊಂದು ಅಕ್ಷರವನ್ನೂ ಅವರು ಒಂದೇ ಬೆರಳಿನಿಂದ ಒತ್ತಿದರು. ಯಂತ್ರ ಎದ್ದಿತು. ಮತ್ತೆ ಬಡಿಯಲು ಹೇಳಿದೆ. ಈಗ ಏಟಿಗೊಂದು ಗೆರೆ, ಕಿವಿಗೆ ಬಿದ್ದದ್ದೆಲ್ಲ ಕಣ್ಣಿಗೂ. ನನಗೆ ಕಣ್ಣು ತುಂಬಿ ಬಂದಿತು. "ಸಾಕು ಮೇಸ್ತ್ರಿ," ಎಂದೆ ಫೋನಿನಲ್ಲಿ.

ಗೆರೆಗಳು ನಿಲ್ಲಲಿಲ್ಲ.

"ಸಾಕು ಅನ್ನಿ ಅವರಿಗೆ," ಎಂದರು ಎಂಜಿನಿಯರರು.

"ಹೇಳಿದೆ." ಮತ್ತೆ ಫೋನಿಗೆ ಬಾಯಿಟ್ಟು, "ಮೇಸ್ತ್ರಿ, ಇನ್ನೂ ಬಡಿಯುತ್ತಿದ್ದೀರಾ?" ಎಂದು ಕೇಳಿದೆ.

"ಇಲ್ಲ ಸಾಮಿ. ಸುತ್ತಿಗೆ ಕೆಳಗ್ ಇಟ್ಬುಟ್ಟೆ ಆಗ್ಲೇ."

ನನ್ನ ಕಿವಿಯಲ್ಲಿ ಸದ್ದಿರಲಿಲ್ಲ. ಪರದೆಯ ಮೇಲೆ ಗೆರೆಯ ಬೆನ್ನಿಗೆ ಗೆರೆ ಏಳುತ್ತಿತ್ತು, ಎಲ್ಲವೂ ಪಶ್ಚಿಮದಿಂದ. ಎಂಜಿನಿಯರರು ನನ್ನ ಕೈಯಿಂದ ಫೋನನ್ನು ತೆಗೆದುಕೊಂಡರು. ಆ ಅಂಜುವ ಮನುಷ್ಯನ ದನಿಯಲ್ಲಿ ಆಗ ಅಂಜಿಕೆಯಿರಲಿಲ್ಲ.

"ಮೇಸ್ತ್ರಿ, ಸುತ್ತಿಗೆ ಅಲ್ಲೇ ಇರ್ಲಿ. ಎಲ್ರನ್ನೂ ಕರ್ಕೊಂಡು ಮೇಲಕ್ಕೆ ಬನ್ನಿ. ಓಡ್ಬೇಡಿ, ನಿಲ್ಲಲೂಬೇಡಿ. ಅಮ್ಮ ಮಾತಾಡ್ತಾ ಅವ್ಳೆ."

ಇನ್ನೊಂದು ಫೋನಿನಲ್ಲಿ ಸಾಹೇಬರಿಗೆ ಸುದ್ದಿ ಮುಟ್ಟಿಸಿದೆವು. ಅವರು ಕೊಟ್ಟ ಮಾತಿನಂತೆ ಆ ಕ್ಷಣವೇ ಸೈರನ್ ಹಾಕಿಸಿದರು. ಜನರೆಲ್ಲ ಮೇಲೆ ಬಂದು, ಕೊನೆಯ ಕೇಜು ಖಾಲಿಯಾಗಿ ಸ್ವಲ್ಪ ಹೊತ್ತಿಗೆ ನೆಲ ಒಮ್ಮೆ ಮೇಲೆದ್ದು ಬಿದ್ದಂತಾಯಿತು. ಉರಿಗಾಮಿನ ಮನೆಗಳಲ್ಲಿ ಪಾತ್ರೆಗಳು ಕೆಳಗುರುಳಿದ ಸದ್ದು ನಮ್ಮವರೆಗೂ ಕೇಳಿಸಿತು. ಹೆಂಗಸರು ಒದ್ದೆ ಕೈಯಲ್ಲೇ ಬೀದಿಗೆ ಬಂದು ಶಾಫ್ಟಿನ ಕಡೆ ಮುಖ ಮಾಡಿ ನಿಂತರು. ತಮ್ಮವರನ್ನು ಕಣ್ಣಾರೆ ಕಂಡವರು ಕಂಡಂತೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮನೆಯೊಳಗೆ ಹೋದರು.

ಪಶ್ಚಿಮದ ಸುರಂಗ ಅಂದು ಕುಸಿದು ತುಂಬಿಹೋಯಿತು.

ಎಂಜಿನಿಯರರು ಸಾಹೇಬರ ಬಳಿಗೆ ಹೋಗಿ, ಯಂತ್ರದ ಕಿವಿಯನ್ನು ಮುಚ್ಚಿದ್ದು ತಮ್ಮದೇ ಕೈ ಎಂದು ಸ್ಪಷ್ಟವಾಗಿ ಹೇಳಿದರು. "ತೆರೆದದ್ದೂ ಅದೇ ಕೈಯಲ್ಲವೇ?" ಎಂದ ಸಾಹೇಬರು, ಎದ್ದು ನಿಂತು ಅವರಿಗೆ ನೀರು ಕೊಟ್ಟರಂತೆ. ಡ್ರೈವರ್ ಎಂದರೇನೆಂದು ಮೇಸ್ತ್ರಿಗೆ ಬಿಡಿಸಿ ಹೇಳಿದವನು ನಾನು. ಮೇಸ್ತ್ರಿಗೆ ಕೇಜಿನ ಡ್ರೈವರನ ಉಪಮೆ ಸಾಕಾಯಿತು. "ಅಷ್ಟು ಗಂಟೆ ಬಾರ್ಸುದ್ರೂ ಒಂದೇ ಅಂತ ಎಣ್ಸೋ ಡ್ರೈವರ್ ಇದ್ರೆ ನಮ್ ಕತೆ ಅಷ್ಟೇ ಸಾಮಿ," ಎಂದು ಎದೆ ಮುಟ್ಟಿಕೊಂಡರು. ತುಸು ತಡೆದು, "ಪಾವಂ, ಪಾಪ, ಅವ್ರನ್ನ ಮನೇಗ್ ಕರ್ಕೊಂಡ್ ಓಗಿ. ಊಟ ಮಾಡ್ದಂಗಿಲ್ಲ," ಎಂದರು.

ಮರುದಿನದಿಂದ ಹೊಸದೊಂದು ನೇಮ ಬಂದಿತು. ಯಾರೂ ಅದನ್ನು ಆಜ್ಞೆಯಾಗಿ ಬರೆಯಲಿಲ್ಲ. ಪಾಳಿ ಕೆಳಗಿಳಿದೊಡನೆ ಮೇಸ್ತ್ರಿ ಪೈಪನ್ನು ಬಿಡುವಿಲ್ಲದೆ ಬಡಿಯುವರು. ಆ ಏಟುಗಳೆಲ್ಲ ಪರದೆಯ ಮೇಲೆ ಮೂಡಿದ ಮೇಲೆಯೇ ಜನ ಕೆಲಸದ ಜಾಗಕ್ಕೆ ಹೋಗುವರು. ಮೊದಲು ಕಿವಿ ಇದೆಯೋ ನೋಡಬೇಕು, ಆಮೇಲೆ ಭೂಮಿಯ ಮಾತು ಎನ್ನುತ್ತಿದ್ದರು ಎಂಜಿನಿಯರರು. ನನ್ನ ಸಂಧ್ಯಾವಂದನೆಯಲ್ಲಿಯೂ ಅಂದಿನಿಂದ ಒಂದು ವ್ಯತ್ಯಾಸವಾಯಿತು. ಮನಸ್ಸು ಪ್ರಶಾಂತವಾಗಿದೆಯೆಂದು ತೋರಿದಾಗಲೆಲ್ಲ, ಇದು ನಿಜವಾದ ಶಾಂತಿಯೋ, ಒಳಗಿನ ಕಿವಿ ಮುಚ್ಚಿದ್ದೋ ಎಂದು ಒಂದು ಕ್ಷಣ ಅಂಜುತ್ತೇನೆ. ಆ ಅಂಜಿಕೆಯನ್ನು ಭಗವಂತನು ನನಗಿತ್ತ ಪ್ರಸಾದವೆಂದೇ ತಿಳಿದಿದ್ದೇನೆ.

ಕಾಲಕ್ರಮದಲ್ಲಿ ನಮ್ಮ ಕೋಣೆಗೂ ಬೀಗ ಬಿದ್ದಿತು. ಅವರು ಬಂಗಾರಪೇಟೆಯ ಮನೆಯಲ್ಲಿ ಉಳಿದರು. ವಯಸ್ಸಾದಂತೆ ಅವರ ಕಿವಿ ಮಂದವಾಯಿತು. ಜೊತೆಗೆ ಭಯ ಬೆಳೆಯಿತು. ಮನೆಯಲ್ಲಿ ಸದ್ದಿಲ್ಲದಿದ್ದರೆ ತಮಗೆ ಕೇಳಿಸುತ್ತಿಲ್ಲವೋ, ಹೆಂಡತಿಗೇ ಏನಾದರೂ ಆಯಿತೋ ಎಂದು ಹಾಸಿಗೆಯಿಂದೇಳಲು ಹೊರಡುವರು. ಅದಕ್ಕೆ ಆ ತಾಯಿ ಒಂದು ಉಪಾಯ ಕಂಡುಕೊಂಡಿದ್ದರು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಆಗಾಗ ಮುದ್ದೆಯ ಕೋಲಿನಿಂದ ನಡುಗೋಡೆಯನ್ನು ಬಡಿಯುವರು. ಈಚೆ ಹಾಸಿಗೆಯಲ್ಲಿದ್ದ ಎಂಜಿನಿಯರರ ಅಂಗೈ ಸದಾ ಆ ಗೋಡೆಯ ಮೇಲಿರುತ್ತಿತ್ತು. ಏಟನ್ನು ಕೈಯಿಂದ ಕೇಳಿ, ಬೆರಳ ಗೆಣ್ಣಿನಿಂದ ಮರಳಿ ತಟ್ಟುವರು. ನಾನು ನೋಡಲು ಹೋದಾಗಲೆಲ್ಲ ನಮ್ಮ ಮಾತಿನ ನಡುವೆ ಆ ಬಡಿತ ಕೇಳಿಸುತ್ತಿತ್ತು. ಆಗ ಅವರು ಮಾತು ನಿಲ್ಲಿಸಿ ಗೋಡೆಗೆ ಉತ್ತರ ಕೊಟ್ಟು, ಆಮೇಲೆ ನನ್ನ ಕಡೆ ತಿರುಗುತ್ತಿದ್ದರು.

ಸಾವಿನ ಸುದ್ದಿ ತಿಳಿದು ನಾನು ಹೋದಾಗ ಆ ತಾಯಿ ನಡುಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದ ಹಾಸಿಗೆ ಬರಿದಾಗಿತ್ತು. ಅದರ ಮಗ್ಗುಲಿನ ಗೋಡೆಯಲ್ಲಿ ಅಂಗೈಯಗಲದ ಸುಣ್ಣ ನುಣ್ಣಗೆ ಸವೆದಿತ್ತು.

"ಅಡುಗೆಮನೆಯಿಂದ ಬಡುದೆ ಸ್ವಾಮಿ," ಎಂದರು. "ಸದ್ದಿಲ್ಲ. ಕಿವಿಯಂತೂ ಇರ್ಲಿಲ್ಲ, ಕೈಯಾದ್ರೂ ಗೋಡೆಯಿಂದ ಜಾರೈತೇನೋ ಅಂದ್ಕೊಂಡು ಇನ್ನೂ ಜೋರಾಗಿ ಬಡುದೆ. ಒಳಕ್ಕೋಗಿ ನೋಡಾಕೆ ಧೈರ್ಯ ಬರ್ಲಿಲ್ಲ. ಬಡೀತಾನೇ ಇದ್ದೆ."